ವಿಮಾನಕ್ಕೊಂದು ನಿಂಬೆಹಣ್ಣು

ಇನ್ನು ಮುಂದೆ ನಾನು ಆಕಾಶಕ್ಕೆ ಹೆದರುವುದಿಲ್ಲ ಎಂದು ಜಯನಗರದ ನಮ್ಮ ಮನೆಯ ಹಾಲಿನಲ್ಲಿ, ತಿರುಗುತ್ತಿದ್ದ ಸೀಲಿಂಗ್ ಫ್ಯಾನ್ ಸಾಕ್ಷಿಯಾಗಿ ಘೋಷಿಸಿಯೇಬಿಟ್ಟೆ! ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಹೆಂಡತಿ ಉಮಾಮಹೇಶ್ವರಿ ತಲೆಯನ್ನೂ ಎತ್ತಲಿಲ್ಲ.

ವಿಮಾನವೆಂದರೆ ನನಗೆ ಮೊದಲಿನಿಂದಲೂ ವಿ-ಮಾನವೇ. ಹತ್ತಿದರೆ ಪ್ರಾಣ ಹೋಗುತ್ತದೋ ಇಲ್ಲವೋ, ಮಾನ ಹೋಗುವುದು ಖಾತ್ರಿ. ಕಾನ್ವೆಂಟಿನ ಸಿಸ್ಟರುಗಳು ಗುರುತ್ವಾಕರ್ಷಣೆಯನ್ನು ಬೆತ್ತದ ಸಮೇತ ಕಲಿಸಿದ್ದರಲ್ಲ, ಮೇಲೆ ಹೋದದ್ದು ಕೆಳಗೆ ಬರಲೇಬೇಕು ಎನ್ನುವುದು ತಲೆಗೆ ಚೆನ್ನಾಗಿ ಹತ್ತಿತ್ತು. ಯಾವ ಸ್ಥಿತಿಯಲ್ಲಿ ಬರುತ್ತದೆ ಎನ್ನುವುದೇ ನನ್ನ ಚಿಂತೆ. ಹಾಗಾಗಿ ಉಮಾ ಆಸೆಪಟ್ಟಿದ್ದ ಕಾಶಿಯಾತ್ರೆಯನ್ನು ವರ್ಷವರ್ಷವೂ ಮುಂದೂಡಿದೆ. ಒಮ್ಮೆ ಬೆನ್ನುನೋವು, ಒಮ್ಮೆ ಆಡಿಟ್, ಒಮ್ಮೆ ಅಧಿಕಮಾಸ.

ಈ ಸಲ ಅವಳು ನನ್ನನ್ನು ಕೇಳದೆಯೇ ಟಿಕೆಟ್ ಮಾಡಿಸಿದ್ದಳು. "ನೀವು ಬಂದ್ರೆ ಒಟ್ಟಿಗೆ ಕೂತು ಪೂಜೆ ಮಾಡಿಸೋಣ. ಬರದಿದ್ರೂ ಪರವಾಗಿಲ್ಲ ಕಣ್ರೀ, ಪಕ್ಕದಲ್ಲಿ ನಿಮ್ಮ ಫೋಟೋ ಇಟ್ಕೊಂಡು ಮಾಡಿಸ್ತೀನಿ" ಅಂದಳು.

ಕಾಶಿಯಲ್ಲಿ ಗಂಡನ ಫೋಟೋ ಇಟ್ಟು ಮಾಡಿಸುವ ಪೂಜೆ ಯಾವುದೆಂದು ಯಾರಿಗೆ ಗೊತ್ತಿಲ್ಲ? ನಾನು ಧೈರ್ಯಶಾಲಿಯಾದದ್ದು ಆ ಗಳಿಗೆಯಲ್ಲಿ!

ಧೈರ್ಯಕ್ಕೂ ಅಭ್ಯಾಸ ಬೇಕು. ಕಂಪನಿ ಕೆಲಸಕ್ಕೆಂದು ಆಗಾಗ ದೆಹಲಿಗೆ ಹಾರುವ ಪಕ್ಕದ ಮನೆಯ ಬದರಿನಾಥ, ವಿಮಾನದಲ್ಲಿ ಕಣ್ಣು ಮುಚ್ಚಿಕೊಂಡು ಇದು ಬಿಎಂಟಿಸಿ ಬಸ್ಸು ಅಂದುಕೊಂಡರೆ ಸಾಕು ಎಂದು ಉಪದೇಶಿಸಿದರು. ಕೈಗೆ ವಿಮಾನ ಸಿಗುವವರೆಗೆ ಇದನ್ನೇ ತಿರುಗಿಸಿ ಅಭ್ಯಾಸ ಮಾಡೋಣವೆಂದು ಬಸ್ಸು ಹತ್ತಿ, ಕಣ್ಣು ಮುಚ್ಚಿ, ಇದು ವಿಮಾನ ಅಂದುಕೊಂಡೆ. ಮೊದಲನೆಯ ಹಂಪಿನಲ್ಲೇ ಮುಂದಿನ ಸೀಟಿನವರ ಕುತ್ತಿಗೆ ಹಿಡಿದುಕೊಂಡೆ. ಇಳಿಯಬೇಕಾದ ಸ್ಟಾಪು ದಾಟಿ ಸುದ್ದಗುಂಟೆಪಾಳ್ಯದಲ್ಲಿ ಕಣ್ಣು ಬಿಟ್ಟಾಗ ವಿಮಾನದ ಭಯ ಇದ್ದಲ್ಲೇ ಇತ್ತು, ಬಸ್ಸಿನ ಭಯ ಹೊಸದಾಗಿ ಬಂದು ಸೇರಿಕೊಂಡಿತ್ತು.

ಕೊನೆಗೆ ದಾರಿ ತೋರಿಸಿದವರು ಅತ್ತೆ ಗೌರಮ್ಮನವರು. ನಮ್ಮ ಮನೆಯಲ್ಲಿ ಸೈಕಲ್ಲಿನಿಂದ ಕಾರಿನವರೆಗೆ ಯಾವ ಹೊಸ ಗಾಡಿಯೂ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡದೆ ಗೇಟು ದಾಟಿದ್ದಿಲ್ಲ.

"ವಿಮಾನದ ಚಕ್ರದ ಹತ್ರ ನಿಮ್ಮನ್ನ ಬಿಡಲ್ಲ ಅಳಿಯಂದ್ರೇ. ಕಾಲಡಿ ಇಟ್ಕೊಂಡಿದ್ದು, ಹೊರಡೋ ಹೊತ್ತಿಗೆ ನೀವೇ ತುಳಿದುಬಿಡಿ. ದೃಷ್ಟಿಗೇನು ಗೊತ್ತಾಗುತ್ತೆ, ಚಕ್ರನೋ ಕಾಲೋ ಅಂತ."

ನಾನು ವಿಚಾರವಾದಿ. ಹಾಗಾಗಿ ಯಾರಿಗೂ ಕಾಣದಂತೆ ಬನಶಂಕರಿ ದೇವಸ್ಥಾನದ ಮುಂದಿನ ಅಂಗಡಿಗೆ ಹೋದೆ. ನಿಂಬೆಹಣ್ಣು ದೀಪಕ್ಕಾ ಎಂದು ಅಂಗಡಿಯಾಕೆ ಕೇಳಿದಳು. ಅಲ್ಲ, ವಿಮಾನಕ್ಕೆ ಎಂದೆ. ಆಕೆ ಹುಬ್ಬನ್ನೂ ಏರಿಸದೆ, "ಎಷ್ಟು ಚಕ್ರ ಸಾರ್?" ಅಂದಳು. ಗೊತ್ತಿರಲಿಲ್ಲ. ಒಂದನ್ನೇ ಕೊಂಡೆ.

ವಿಮಾನದಲ್ಲಿ ಉಮಾಗೆ ಕಿಟಕಿಯ ಸೀಟು, ನನಗೆ ನಡುದಾರಿಯ ಪಕ್ಕದ್ದು. ಸುತ್ತಲೂ ನಮ್ಮ ಕಡೆಯ ಕಾಶಿಯಾತ್ರಿಕರೇ ತುಂಬಿದ್ದರು. ಎಂಜಿನ್ ಗರ್ಜಿಸಿತು. ಗುಟ್ಟಾಗಿ ನಿಂಬೆಹಣ್ಣನ್ನು ಹಿಮ್ಮಡಿಯಡಿ ಇಟ್ಟು, ಶಿವಶಿವಾ ಎಂದು ಒತ್ತಿದೆ. ಹೊಸ ಶೂ, ಗಟ್ಟಿ ಹಣ್ಣು! ಪುಳಕ್ಕನೆ ಜಾರಿ ನಡುದಾರಿಗೆ ಹಾರಿತು. ಸರಿಯಾಗಿ ಅದೇ ಹೊತ್ತಿಗೆ ವಿಮಾನ ಮೂತಿ ಮೇಲೆತ್ತಿತು. ಇಳಿಜಾರು ಸಿಕ್ಕಿದ್ದೇ ತಡ, ನನ್ನ ರಕ್ಷಾಕವಚ ಉರುಳುತ್ತಾ ಉರುಳುತ್ತಾ ಹಿಂದಕ್ಕೆ ಹೊರಟಿತು.

"ಅಯ್ಯೋ, ನಿಂಬೆಹಣ್ಣು ಹಿಡೀರಿ" ಎಂದು ಕೂಗಿಕೊಂಡೆ.

ವಿಮಾನದೊಳಗೆ ನಿಂಬೆಹಣ್ಣು ಯಾಕೆಂದು ಒಬ್ಬರೂ ಕೇಳಲಿಲ್ಲ. ಹಿಂದಿನ ಸಾಲಿನ ಹೆಂಗಸು ಕೇಳಿದ್ದೇ ಬೇರೆ: "ಒಡೀತಾ?"

ಇಲ್ಲ ಎಂದೆ. ಕೆಟ್ಟೆ! ಒಡೆದಿಲ್ಲವಂತೆ ಎಂಬ ಸುದ್ದಿ ಸಾಲಿನಿಂದ ಸಾಲಿಗೆ ನಿಂಬೆಹಣ್ಣಿನ ಹಿಂದೆಯೇ ಓಡಿತು. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಅದು, ಪೈಲಟ್ಟು ಚಕ್ರಕ್ಕೆ ನಿಂಬೆಹಣ್ಣು ಇಡುವುದನ್ನೇ ಮರೆತು ಹೊರಟುಬಿಟ್ಟಿದ್ದಾನಂತೆ ಎಂದಾಗಿತ್ತು. ಅಜ್ಜಿಯೊಬ್ಬರು ಗಟ್ಟಿಯಾಗಿ ಪಂಚಾಕ್ಷರಿ ಜಪ ಶುರುಮಾಡಿದರು. ನಡುವಯಸ್ಸಿನವರೊಬ್ಬರು, ಇನ್ನೂ ಬಹಳ ದೂರ ಬಂದಿಲ್ಲವಲ್ಲ, ವಾಪಸ್ ಹೋಗಿ ಇಟ್ಟು ಬರಬಹುದಲ್ಲ ಎಂದು ಸಲಹೆ ಕೊಟ್ಟರು.

ತಪ್ಪು ನನ್ನದು, ಸಮಾಧಾನ ಮಾಡಬೇಕಾದವನೂ ನಾನೇ. ಬೆಲ್ಟಿನೊಳಗಿಂದಲೇ ಹಿಂದೆ ಮುಂದೆ ತಿರುಗಿ, ಏನೂ ಆಗಲ್ಲ ತಾಯಿ, ಕಣ್ಣು ಮುಚ್ಚಿ ಬಸ್ಸು ಅಂದುಕೊಳ್ಳಿ ಎಂದು ಎಲ್ಲರಿಗೂ ಧೈರ್ಯ ಹೇಳುತ್ತಾ ಹೋದೆ. ಉಮಾ ಮಾತ್ರ ಸೆರಗು ಮುಖದವರೆಗೂ ಎಳೆದುಕೊಂಡು, ಮೋಡಗಳಲ್ಲಿ ಏನೋ ಕಳೆದುಕೊಂಡವಳಂತೆ ಕಿಟಕಿಗೆ ಅಂಟಿಕೊಂಡಿದ್ದಳು.

ಬೆಲ್ಟಿನ ದೀಪ ಆರಿದ ಮೇಲೆ ಗಗನಸಖಿ ತಿಂಡಿಯ ಟ್ರಾಲಿ ತಳ್ಳಿಕೊಂಡು ಬಂದಳು. ಒಂದು ಕೈಯಲ್ಲಿ ನಿಂಬೆಹಣ್ಣು. ಯಾರದೆಂದು ಅವಳು ಕೇಳುವ ಮೊದಲೇ ಪ್ರಯಾಣಿಕರ ಅಷ್ಟೂ ಬೆರಳುಗಳು ನನ್ನತ್ತ ತಿರುಗಿದವು. ಅವಳ ಎದೆಯ ಮೇಲೆ ಮೇಘಶ್ರೀ ಎಂಬ ಹೆಸರಿನ ಪಟ್ಟಿ. ನಾನು ಇಂಗ್ಲಿಷಿನಲ್ಲಿ ವಿವರಿಸಲು ಬಾಯಿ ತೆರೆದೆ. ಕಾನ್ವೆಂಟಿನಲ್ಲಿ ಈ ಪಾಠವೇ ಇರಲಿಲ್ಲ!

"ಕನ್ನಡದಲ್ಲೇ ಹೇಳಿ ಸರ್. ನಮ್ಮನೆ ಹನುಮಂತನಗರ" ಅಂದಳು.

ಹೇಳಿದೆ. ಅವಳು ಸಾಲುಸಾಲು ಬಾಡಿದ ಮುಖಗಳನ್ನು ನೋಡಿದಳು, ನಿಂಬೆಹಣ್ಣನ್ನು ನೋಡಿದಳು. ಆಮೇಲೆ ಬಗ್ಗಿ ಅದನ್ನು ಟ್ರಾಲಿಯ ಚಕ್ರದಡಿ ಇಟ್ಟು, ಒಂದೇ ತಳ್ಳು ತಳ್ಳಿದಳು.

ಫಚಕ್!

ಇಡೀ ವಿಮಾನ ಚಪ್ಪಾಳೆ ತಟ್ಟಿತು. ಅಜ್ಜಿಯ ಜಪ ನಿಂತು ಚಕ್ಕುಲಿ ಡಬ್ಬಿ ತೆರೆಯಿತು. ಭೂಮಿಯಿಂದ ಅಷ್ಟು ಎತ್ತರದಲ್ಲಿ ಕೂತು ಹೆದರುವುದನ್ನೇ ಮರೆತಿದ್ದೇನೆಂದು ನನಗೆ ಹೊಳೆದದ್ದು ಆಗ.

ಕಾಶಿಯಲ್ಲಿ ಇಳಿದಾಗ ನನ್ನ ನಡಿಗೆಯೇ ಬದಲಾಗಿತ್ತು. ಸಹಯಾತ್ರಿಕರು ಕೈ ಕುಲುಕಿ ಹೋದರು. ನನ್ನ ಭಯ ಪೂರ್ತಿ ಹೋಯಿತೆಂದೂ, ಬರುವ ವರ್ಷ ಕಾಠ್ಮಂಡುವಿಗೇ ಹಾರೋಣವೆಂದೂ ಉಮಾಗೆ ಹೇಳಿದೆ. ಅವಳು ಫೋನಿನಲ್ಲಿ ವಾಪಸ್ ಪ್ರಯಾಣದ ಸೀಟು ಆರಿಸುತ್ತಿದ್ದಳು. ಇಣುಕಿ ನೋಡಿದೆ. ಅವಳದು ಎರಡನೆಯ ಸಾಲು, ನನ್ನದು ಶೌಚಾಲಯದ ಪಕ್ಕದ ಕೊನೆಯ ಸಾಲು.

"ಇದೇನೇ ಇದು?" ಎಂದೆ.

"ನೋಡಿ, ಪೂಜೆ ಮುಗಿಯೋವರೆಗೆ ನೀವು ನಮ್ಮ ಯಜಮಾನ್ರು" ಎಂದು ಉಮಾ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. "ವಿಮಾನ ಹತ್ತಿದ ಮೇಲೆ ನೀವ್ಯಾರೋ, ನಾನ್ಯಾರೋ."