ದಶಮಿ ಮಧ್ಯಾಹ್ನದ ದೋಣಿ

ನಾಯಕತ್ವ ನನ್ನ ರಕ್ತದಲ್ಲೇ ಇದೆ. (ಸಕ್ಕರೆಯೂ ಇದೆ, ಆ ಮಾತು ಈಗ ಬೇಡ.) ಭಟ್ಕಳದಿಂದ ಕುಮಟಾಕ್ಕೆ ಮೂರು ದಿನ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬರುವ ಸ್ಪರ್ಧೆ ಉಂಟು, ಒಂದೇ ಕುಟುಂಬದ ನಾಲ್ವರು ಸೇರಬಹುದು ಎಂದು ತಿಳಿದ ದಿನವೇ ಎದೆಯ ಮೇಲೆ 'ನಾಯಕ' ಎಂದು ಅಚ್ಚು ಹಾಕಿಸಿದ ಟೀ ಶರ್ಟು ತಂದೆ. ಅದನ್ನು ಹಾಕಿಕೊಂಡು ಪಂಚಾಯ್ತಿ ಆಫೀಸಿಗೂ ಹೋಗಿಬಂದೆ. ಇನ್ನು ಸ್ಪರ್ಧೆಗೆ ಸೇರದಿದ್ದರೆ ಆ ಆಫೀಸಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ತಂಡದಲ್ಲಿ ನನ್ನ ಹೆಂಡತಿ ಮಾಲಿನಿ, ಮಗಳು ರೂಪಾ, ಮಾಲಿನಿಯ ತಮ್ಮ ಅಣ್ಣಪ್ಪ. ದೋಣಿ ಅಣ್ಣಪ್ಪನದು, ಹೊಳೆ ಆ ಅಕ್ಕ-ತಮ್ಮನ ಊರು ಹಿರೇಗುತ್ತಿಯದು, ಬುದ್ಧಿ ನನ್ನದು. ಸ್ಪರ್ಧೆಯ ಕಮಿಟಿಯ ಅನೂಪ ನೋಡಲು ಬಂದಾಗ ಆಚೆ ದಡ ಮುಟ್ಟಿ ಬಂದು ತೋರಿಸಬೇಕು, ಇಲ್ಲವಾದರೆ ಹೆಸರು ಹೊಡೆದುಹಾಕುತ್ತಾರೆ.

ಅದಕ್ಕೆ ನಾನು ಪಂಚಾಂಗ ತೆಗೆದು ಮುಹೂರ್ತ ಇಟ್ಟೆ. ದಶಮಿ, ಮಧ್ಯಾಹ್ನ ಹನ್ನೆರಡು, ಸಾಕ್ಷಾತ್ ಅಭಿಜಿತ್ ಮುಹೂರ್ತ.

"ದಶಮಿ ಮಧ್ಯಾಹ್ನ ಹೊಳೇಲಿ ನೀರು ಎಲ್ಲಿರ್ತದೆ?" ಅಂದಳು ಮಾಲಿನಿ.

"ನೀರಿಲ್ದೆ ಮತ್ತೆಂತ ಇರ್ತದೆ?"

"ಬಳಚು. ಆಗ ಇಳಿತ, ಸಮುದ್ರ ಹೊಳೆ ನೀರು ಎಳ್ಕಂಡಿರ್ತದೆ. ಸಣ್ಣೋರಿದ್ದಾಗ ನಾವು ದಶಮಿ ನೋಡ್ಕಂಡೇ ಬುಟ್ಟಿ ಹಿಡ್ಕಂಡು ಚಿಪ್ಪು ಹೆಕ್ಕೂಕೆ ಹೋಗ್ತಿದ್ವಿ."

"ನೀ ತಿಥಿ ನೋಡೂದು ಬಳಚಿನ ಸಾರಿಗೆ, ನಾ ನೋಡೂದು ಗೆಲ್ಲೂಕೆ," ಎಂದು ಪಂಚಾಂಗ ಮುಚ್ಚಿದೆ.

"ಆತು," ಅಂದಳು. ಅವಳು ಅಷ್ಟು ಬೇಗ ಒಪ್ಪಿದಾಗಲೇ ನಾನು ಹೆದರಬೇಕಿತ್ತು.

ಆ ದಿನ ಹನ್ನೆರಡಕ್ಕೆ ಸರಿಯಾಗಿ ಕಾಯಿ ಒಡೆದು, ದೋಣಿಯ ಮುಂದುಗಡೆ ವಿರಾಜಮಾನನಾಗಿ, "ಹಾಕಿ ಹುಟ್ಟು," ಎಂದು ಅಪ್ಪಣೆ ಕೊಟ್ಟೆ. ದೋಣಿ ಇಪ್ಪತ್ತು ಮಾರು ಹೋಗಿ ಕುಳಿತುಬಿಟ್ಟಿತು. ಕಣ್ಣು ಹಾಯಿಸಿದಷ್ಟೂ ಕೆಸರು. ಒಂದು ಕೊಕ್ಕರೆ ಪಕ್ಕದಲ್ಲೇ ನಡೆದು ನಮ್ಮನ್ನು ಹಿಂದೆ ಹಾಕಿತು.

"ಇಳೀರಿ ಭಾವ, ನೂಕ್ವ," ಅಂದ ಅಣ್ಣಪ್ಪ.

"ನಾಯಕ ದೋಣಿ ಬಿಟ್ಟು ಇಳಿಯೂದಿಲ್ಲ," ಅಂದೆ. (ಪ್ಯಾಂಟು ಹೊಸದು.)

ಮಾಲಿನಿ ಹಲಗೆಯ ಅಡಿಯಿಂದ ಬುಟ್ಟಿ ಎಳೆದಳು. ಮನೆಯಿಂದಲೇ ತಂದಿದ್ದಳು, ಮಾರಾಯ್ರೆ. ಮೂವರೂ ಇಳಿದು ಬಳಚು ಹೆಕ್ಕತೊಡಗಿದರು. ದಡದಲ್ಲಿ ಅನೂಪ ಜೇಬಿನಿಂದ ಪೆನ್ನು ತೆಗೆದ. ನಮ್ಮ ಹೆಸರು ಹೊಡೆಯಲಿಕ್ಕೇ.

"ತಮಾ, ನಾಕು ಗಂಟೆಗೆ ನೀರು ಬರ್ತದೆ," ಮಾಲಿನಿ ಮೊಣಕಾಲುದ್ದ ಕೆಸರಿನಿಂದಲೇ ಅನೂಪನಿಗೆ ಕೂಗಿದಳು. "ಊಟ ಮಾಡ್ಕಂಡು ನೋಡಿ ಹೋಗು. ಬಳಚಿನ ಸುಕ್ಕ ಮಾಡ್ತೆ."

ಪೆನ್ನು ಜೇಬಿಗೆ ಮರಳಿತು. ಅವರೆಲ್ಲ ಅಣ್ಣಪ್ಪನ ಮನೆಗೆ ಉಣ್ಣಲು ಹೋದರು. ಕೊಟ್ಟ ಮಾತಿಗೆ ತಪ್ಪದೆ ನಾನು ಬಿಸಿಲಲ್ಲಿ ಕುಳಿತು ಪೂಜೆಯ ಎರಡೂ ಕಡಿ ಕಾಯಿ ತಿಂದು ಮುಗಿಸಿದೆ.

ನಾಲ್ಕಕ್ಕೆ ನೀರು ಅವಳು ಕರೆದಂತೆಯೇ ಬಂತು. ಮಾಲಿನಿ ಹಿಂದೆ ಕುಳಿತು ಹುಟ್ಟು ಹಿಡಿದು, ಎಲ್ಲಿ ಆಳ ಎಲ್ಲಿ ದಿಬ್ಬ ಎಂದು ಹೇಳುತ್ತ, ಆಚೆ ದಡ ಮುಟ್ಟಿಸಿ ತಂದಳು. ನಾವು ಪಾಸು. ಅನೂಪ ಫಾರ್ಮು ಬಿಚ್ಚಿ, "ನಾಯಕರು?" ಅಂದ. ನಾನು ಎದೆ ಉಬ್ಬಿಸಿ ಟೀ ಶರ್ಟು ಮುಂದೆ ಮಾಡಿದೆ. ಅವನು ಸುಕ್ಕದ ತೇಗು ತೇಗಿ, ತಲೆ ಎತ್ತದೆ 'ಮಾಲಿನಿ' ಎಂದು ಬರೆದ.

"ಹಂಗಾರೆ ನಾನೆಂತ ಮಾಡೂದು?"

"ನೀವು ನಡುವೆ ಕೂತ್ಕಳಿ. ಭಾರ ಇದ್ರೆ ದೋಣಿ ಹೊಯ್ದಾಡೂದಿಲ್ಲ," ಎಂದು ಮಾಲಿನಿ ಪಂಚಾಂಗವನ್ನು ನನ್ನ ಕೈಗಿಟ್ಟಳು. "ಇದು ಒದ್ದೆ ಆಗದ ಹಾಗೆ ಹಿಡ್ಕಳಿ. ನಂಗೆ ತಿಥಿ ನೋಡೂಕೆ ಬೇಕು."