ತಮ್ಮದಲ್ಲವೆಂದು ಹೇಳಲಾದ ಡಿವಿಡಿಯ ವಾಪಸಾತಿ

ಸಂಖ್ಯೆ: ಮನೆ/ನಗೆ/ದೆವ್ವ/01/2006
ಸ್ಥಳ: ಎ-ಬ್ಲಾಕ್, ಮೂರನೇ ಮಹಡಿ, ಮಣಿಕೊಂಡ, ಹೈದರಾಬಾದ್

ಸುತ್ತೋಲೆ

ವಿಷಯ: ದೆವ್ವದ ಚಿತ್ರಗಳನ್ನು ಅಣಕಿಸುವ ಒಂದು ಅಸಭ್ಯ ಹಿಂದಿ ಹಾಸ್ಯಚಿತ್ರವು ಸೂತಕದ ಮನೆಯಲ್ಲಿ ಕುಟುಂಬ ಸಮೇತ ನೋಡಲು ಯೋಗ್ಯವೇ ಎಂಬ ಬಗ್ಗೆ, ಹಾಗೂ ಅದನ್ನು ಮಾಲೀಕರಿಗೆ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: 1) ಈ ಕಚೇರಿಯ ಅತ್ತೆ ಶ್ರೀಮತಿ ಗಿರಿಜಾಬಾಯಿಯವರ ಮೌಖಿಕ ಆದೇಶ.
2) ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಶ್ರೀ ಗೋಪಿನಾಥ ಅವರು ಬಾಗಿಲನ್ನು ಅರ್ಧ ಮಾತ್ರ ತೆರೆದು ನೀಡಿದ ಹೇಳಿಕೆ.
3) ಒಂದು ಇಂಗ್ಲಿಷ್ ಪತ್ರಿಕೆಯ ವಿಮರ್ಶೆ (ಅರ್ಧ ನಕ್ಷತ್ರ).

ಪ್ರಸ್ತಾವನೆ:

ಈ ಕಚೇರಿಯ ಯಜಮಾನರಾದ ಶ್ರೀ ಸೂರ್ಯಕಾಂತ ಅವರು ಮುಂಗಡ ಸೂಚನೆ ನೀಡದೆ, ಕಂಪನಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಂತೆಯೇ ಹೃದಯಾಘಾತದಿಂದ ನಿರ್ಗಮಿಸಿರುತ್ತಾರೆ. ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಎಂದಿನಂತೆ ಬಂದಿರುತ್ತದೆ. ನೀರಿನ ಮೋಟರ್ ಎಂದಿನಂತೆ ಕೂಗಿರುತ್ತದೆ. ಎದುರು ಕಟ್ಟಡದ ಹುಡುಗರು ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು ಕ್ಯಾಬಿಗೆ ಓಡಿರುತ್ತಾರೆ. ಎಲ್ಲವೂ ಮಾಮೂಲಿನಂತಿರುವುದನ್ನು ಗಮನಿಸಿ, ಭಾಲ್ಕಿಯಿಂದ ಬಂದಿರುವ ಗಿರಿಜಾಬಾಯಿಯವರು ದೇವರ ನಾಮ ಕೇಳುವ ಉದ್ದೇಶದಿಂದ ಡಿವಿಡಿ ಪ್ಲೇಯರಿನ ಗುಂಡಿ ಒತ್ತಿರುತ್ತಾರೆ. ಅದರೊಳಗೆ ಸೂರ್ಯಕಾಂತ ಅರ್ಧ ನೋಡಿ ಬಿಟ್ಟಿದ್ದ ಚಿತ್ರವಿದ್ದು, ಅದು ಬಿಟ್ಟಲ್ಲಿಂದಲೇ ಮುಂದುವರಿದಿರುತ್ತದೆ. ತೆರೆಯ ಮೇಲೆ ದೆವ್ವವೊಂದು ಮದುವೆ ಮಂಟಪದಲ್ಲಿ, ಪುರೋಹಿತರ ಕಿವಿಯ ಹತ್ತಿರ, ಅಪಾನವಾಯುವನ್ನು ಸಶಬ್ದವಾಗಿ ವಿಸರ್ಜಿಸಿರುತ್ತದೆ.

ದುಃಖ ಹೇಳಲು ಬಂದು ಪಡಸಾಲೆಯಲ್ಲಿ ಕುಳಿತಿದ್ದವರ ಪೈಕಿ ಮೊದಲು ನಕ್ಕವರು ಯಾರೆಂಬುದು ಪತ್ತೆಯಾಗಿಲ್ಲ. ಎರಡನೆಯವರು ಗಿರಿಜಾಬಾಯಿ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಮಾಲೀಕತ್ವ: ಸದರಿ ಡಿವಿಡಿ ಎರವಲು ತಂದದ್ದು. ತಂದ ದಿನವೇ ಸೂರ್ಯಕಾಂತ ಈ ಕಚೇರಿಗೆ, “ಗೋಪಿನಾಥ ಸಾಹೇಬ್ರು ಕೊಟ್ಟಾರ. ಅವರ ಮನಿಯವರ ಮುಂದ ಬಾಯಿ ಬಿಡಬ್ಯಾಡ ಮತ್ತ,” ಎಂದು ತಿಳಿಸಿದ್ದರು. ಗೋಪಿನಾಥ ಅವರು ಬಿ-ಬ್ಲಾಕಿನವರು, ಮೈಸೂರಿನವರು, ಶನಿವಾರದ ಭಜನೆಯ ಮುಂದಾಳು. ‘ಲಿಫ್ಟಿನಲ್ಲಿ ಗಟ್ಟಿಯಾಗಿ ನಗಬಾರದು’ ಎಂಬ ಸೂಚನಾಫಲಕದ ಕರ್ತೃವೂ ಅವರೇ.

2. ಗಿರಿಜಾಬಾಯಿಯವರ ಆದೇಶ, ಅವರ ಮಾತಿನಲ್ಲೇ: “ಮಂದಿ ಸಾಮಾನ ಇಟ್ಕೊಂಡು ಹೋದವನಿಗಿ ಮುಂದಿನ ದಾರಿ ಸಿಗಲ್ಲವ್ವ. ಕೊಟ್ಟವರ ಕೈಯಾಗೇ ಹಾಕಬೇಕು. ನನ್ನ ಮಗ ಬಾಗಿಲಾಗ ನಿಂತಾನಂತ ಅನಸ್ತದ ನನಗ.” ಬಾಗಿಲ ಬಳಿ ಇಟ್ಟು ಬರುವುದು, ಕಾವಲುಗಾರರ ಕೈಗೆ ಕೊಡುವುದು ಇತ್ಯಾದಿ ಪರ್ಯಾಯಗಳನ್ನು ತಿರಸ್ಕರಿಸಲಾಗಿದೆ. ಆದೇಶ ಪಾಲನೆಯಾಗುವವರೆಗೆ ಅವರು ನಿದ್ದೆ ಮಾಡುವುದಿಲ್ಲ.

3. ಮೊದಲ ಪ್ರಯತ್ನ: ಸೂರ್ಯಕಾಂತ ಅವರ ಕಾಕಾ ಶ್ರೀ ವೈಜನಾಥ ಅವರನ್ನು ಡಿವಿಡಿಯೊಂದಿಗೆ ನಿಯೋಜಿಸಲಾಯಿತು. ಗೋಪಿನಾಥ ಅವರು, ಹಿಂದೆ ಪತ್ನಿ ಶ್ರೀಮತಿ ಸುಮತಿ ನಿಂತಿರುವಾಗ, “ಛೆ ಛೆ, ನಮ್ಮದಲ್ಲ ಸಾರ್. ನಮ್ಮನೇಲಿ ಇಂಥ ಥರ್ಡ್ ಕ್ಲಾಸ್ ಸಿನಿಮಾ ನೋಡೋದೇ ಇಲ್ಲ,” ಎಂದಿರುತ್ತಾರೆ. ವೈಜನಾಥ ಅವರು ಡಿವಿಡಿಯೊಂದಿಗೆ ಮರಳಿ, “ಮೈಸೂರ ಮಂದಿ ಸುಳ್ಳ ಭೀ ಎಷ್ಟು ಛಂದ ಹೇಳ್ತಾರವ್ವ!” ಎಂದು ವರದಿ ಸಲ್ಲಿಸಿರುತ್ತಾರೆ.

4. ಚಿತ್ರದ ದರ್ಜೆಯ ಕಾರಣಕ್ಕೆ ಮಾಲೀಕರು ಮಾಲೀಕತ್ವವನ್ನೇ ನಿರಾಕರಿಸಿರುವುದರಿಂದ, ಅದರ ದರ್ಜೆಯನ್ನು ಪರಿಶೀಲಿಸುವುದು ಅನಿವಾರ್ಯವಾಯಿತು. ಕುಟುಂಬವು ಒಟ್ಟಾಗಿ ಚಿತ್ರವನ್ನು ಪರಿಶೀಲಿಸಿದ್ದು, ವಿಮರ್ಶೆಗಳು ಹೀಗಿವೆ:

ವೈಜನಾಥ: “ಥೂ, ಎಂಥ ಹೊಲಸ ಪಿಚ್ಚರ್! ಜರಾ ಹಿಂದ ಹೊಡಿ, ಪುರೋಹಿತನ ಧೋತ್ರ ಸಿಕ್ಕೊಂಡಿದ್ದು ಕಾಣಲಿಲ್ಲ.”

ಗಿರಿಜಾಬಾಯಿ: “ದೆವ್ವಂದೇನ್ ತಪ್ಪದ? ಮದಿವಿ ಮನ್ಯಾಗ ಅಷ್ಟು ಮಂದಿ ಉಣ್ಣಲತ್ತಾರ, ಅದಕ ಒಬ್ಬರರ ಬಾ ಅಂದ್ರೇನು?”

ಇಂಗ್ಲಿಷ್ ಪತ್ರಿಕೆ: ‘ಕುಟುಂಬ ಸಮೇತ ನೋಡಲಾಗದು. ದ್ವಿತೀಯಾರ್ಧ ಬಹಳ ಸಪ್ಪೆ.’ ಕುಟುಂಬ ಸಮೇತ ನೋಡಿ ಆಗಿರುವುದರಿಂದ ಮೊದಲನೇ ವಾಕ್ಯವನ್ನು ಈ ಕಚೇರಿ ಮಾನ್ಯ ಮಾಡಿಲ್ಲ.

5. ಪರಿಶೀಲನೆಯ ಕಾಲದಲ್ಲಿ ಜಾರಿಯಲ್ಲಿದ್ದ ಈ ನಿಯಮಗಳಿಗೆ ಘಟನೋತ್ತರ ಮಂಜೂರಾತಿ ನೀಡಲಾಗಿದೆ:

(ಅ) ದುಃಖ ಹೇಳಲು ಬಂದವರು ಮೊದಲು ಅಳತಕ್ಕದ್ದು. ನೇರವಾಗಿ ಸೋಫಾಕ್ಕೆ ಬರುವಂತಿಲ್ಲ.

(ಆ) ನಡುವೆ ಕರೆಗಂಟೆಯಾದರೆ ಧ್ವನಿಯನ್ನು ಮಾತ್ರ ನಿಲ್ಲಿಸತಕ್ಕದ್ದು. ದೆವ್ವವು ಮೂಕವಾಗಿ ಮುಂದುವರಿಯಬಹುದು.

(ಇ) ರಕ್ತಸಂಬಂಧಿಗಳು ಸೆರಗು ಅಥವಾ ಟವೆಲ್ ಅಡ್ಡ ಹಿಡಿದು ನಗತಕ್ಕದ್ದು. ಬೀಗರಿಗೆ ಮುಗುಳ್ನಗೆ ಮಾತ್ರ. ಕಂಪನಿಯ ಸಹೋದ್ಯೋಗಿಗಳು ತಮ್ಮ ತಂಡದ ಮುಖ್ಯಸ್ಥರ ಅನುಮತಿ ಪಡೆದು ಬಾಲ್ಕನಿಗೆ ಹೋಗಿ ನಕ್ಕು ಬರಬಹುದು.

(ಈ) ಅಪಾನವಾಯು ದೃಶ್ಯಗಳನ್ನು ‘ಕಥೆಗೆ ಅಗತ್ಯ’ ಮತ್ತು ‘ಅನಗತ್ಯ’ ಎಂದು ವಿಂಗಡಿಸಲಾಗಿದೆ. ಅನಗತ್ಯವಾದವುಗಳಿಗೆ ಹಿರಿಯರು “ಶಿವ ಶಿವ” ಎನ್ನತಕ್ಕದ್ದು. ಅಗತ್ಯವಾದದ್ದು ಯಾವುದೂ ಕಂಡುಬಂದಿಲ್ಲ.

(ಉ) ನಗು ಅಳುವಾಗಿ ಪರಿವರ್ತನೆಯಾದಲ್ಲಿ ಚಿತ್ರ ನಿಲ್ಲಿಸುವ ಅಗತ್ಯವಿಲ್ಲ. ಅಂಥವರಿಗೆ ನೀರು ಕೊಟ್ಟು, ತಪ್ಪಿಹೋದ ಭಾಗವನ್ನು ಪಕ್ಕದವರು ಸಂಕ್ಷಿಪ್ತವಾಗಿ ಹೇಳತಕ್ಕದ್ದು.

(ಊ) ಹಾರ ಹಾಕಿದ ಫೋಟೊದ ಎದುರು ನಗುವುದು ಸರಿಯಲ್ಲವೆಂದು ಒಂದು ಆಕ್ಷೇಪಣೆ ಬಂದಿತ್ತು. ಸದರಿ ಫೋಟೊ ಕಂಪನಿಯ ಪ್ರವಾಸದ್ದಾಗಿದ್ದು, ಅದರಲ್ಲಿ ಅವರೇ ಹಲ್ಲು ಕಾಣುವಂತೆ ನಗುತ್ತಿರುವುದರಿಂದ ಆಕ್ಷೇಪಣೆಯನ್ನು ಕೈಬಿಡಲಾಗಿದೆ.

6. ಸೂರ್ಯಕಾಂತ ನೋಡದೆ ಉಳಿದಿದ್ದ ದ್ವಿತೀಯಾರ್ಧವನ್ನು ಕೆಳಗೆ ಸಹಿ ಮಾಡಿರುವವರು ಅವರ ಪರವಾಗಿ ನೋಡಿ ಮುಗಿಸಿರುತ್ತಾರೆ. ಅದು ಬಹಳ ಸಪ್ಪೆ ಎಂಬ ಪತ್ರಿಕೆಯ ಅಭಿಪ್ರಾಯಕ್ಕೆ ಈ ಕಚೇರಿಯ ಸಹಮತವಿದೆ.

7. ಎರಡನೇ ಪ್ರಯತ್ನ: ಇಂದು ಬೆಳಿಗ್ಗೆ ಕೆಳಗೆ ಸಹಿ ಮಾಡಿರುವವರು, ಗಿರಿಜಾಬಾಯಿ ಮತ್ತು ವೈಜನಾಥ ಅವರೊಂದಿಗೆ ಬಿ-ಬ್ಲಾಕಿಗೆ ತೆರಳಿದರು. ದಂಪತಿ ಇಬ್ಬರೂ ಬಾಗಿಲಿಗೆ ಬಂದರು. ಗಿರಿಜಾಬಾಯಿಯವರು ಡಿವಿಡಿಯ ಪ್ರಸ್ತಾಪ ಮಾಡದೆ, “ತಮ್ಮಾ, ಆ ದೆವ್ವ ಬಾವ್ಯಾಗ ಬಿದ್ದದ್ದು ನೋಡಿ ಭಾಳ ಕೆಟ್ಟ ಅನಿಸ್ತು,” ಎಂದರು. ಗೋಪಿನಾಥ ಅವರಿಗೆ ತಡೆಯಲಾಗಲಿಲ್ಲ. “ಅಯ್ಯೋ ಇಲ್ಲಮ್ಮ, ಬಾವಿಗೆ ಬೀಳೋದು ದೆವ್ವ ಅಲ್ಲ, ಪುರೋಹಿತ್ರು! ಅವರು ಹಗ್ಗ ಅಂದ್ಕೊಂಡು ದೆವ್ವದ ಜಡೆ ಹಿಡ್ಕೋತಾರೆ, ಆಗ ಅದು...” ಎಂದು ಅಭಿನಯ ಸಹಿತ ವಿವರಿಸಿ, ಬಗ್ಗಿದ ಭಂಗಿಯಲ್ಲೇ ನಿಂತುಬಿಟ್ಟರು.

ಸುಮತಿಯವರು, “ರೀ, ಭಜನೆ ಪ್ರಾಕ್ಟೀಸು ಅಂತ ಬಾಗಿಲು ಹಾಕ್ಕೊಂಡು ಇದನ್ನಾ ನೋಡ್ತಿದ್ದಿದ್ದು?” ಎಂದು ವಿವರಣೆ ಕೇಳಿದ್ದು, ಉತ್ತರ ಬಾಕಿ ಇದೆ.

ಗಿರಿಜಾಬಾಯಿಯವರು ದೃಶ್ಯವನ್ನು ತಪ್ಪಾಗಿ ಹೇಳಿದ್ದು ಮರೆವಿನಿಂದಲ್ಲವೆಂದು ನಂಬಲಾಗಿದೆ. ಆ ದೃಶ್ಯವನ್ನು ಅವರು ಮತ್ತೆ ಮತ್ತೆ ಹಾಕಿಸಿ ನೋಡಿರುತ್ತಾರೆ.

ಗೋಪಿನಾಥ ಅವರು ನೆಟ್ಟಗೆ ನಿಂತು, “ಒಳ್ಳೇ ಹುಡುಗ ಕಣಮ್ಮ. ಅವನ ಜೊತೆ ಕೂತು ನೋಡಬೇಕು ಅಂತಿದ್ದೆ,” ಎಂದು ಎರಡೂ ಕೈ ಚಾಚಿದರು. ಕೆಳಗೆ ಸಹಿ ಮಾಡಿರುವವರು ಡಿವಿಡಿಯನ್ನು ಅವರ ಕೈಗೆ ಕೊಟ್ಟಿರುತ್ತಾರೆ. ಕೊಡುವಾಗ ಬೆರಳು ಬಿಡಲು ಆದ ವಿಳಂಬವನ್ನು ಮನ್ನಿಸಲಾಗಿದೆ.

ಗಿರಿಜಾಬಾಯಿಯವರು ಯಾರೂ ಇಲ್ಲದ ಮೆಟ್ಟಿಲ ಕಡೆ ತಿರುಗಿ, “ಆಯ್ತಪ್ಪಾ, ನಡಿ ಇನ್ನ,” ಎಂದರು. ತಮಗೇ ಹೇಳಿದರೆಂದು ವೈಜನಾಥ ಅವರು ಇಳಿದು ಹೋಗಿರುತ್ತಾರೆ. ಅವರು ಪೂರ್ತಿ ಕೆಳಗಿಳಿಯುವವರೆಗೆ ನಾವು ಅತ್ತೆ-ಸೊಸೆ ಇಬ್ಬರೂ ಅಲ್ಲಿಯೇ ನಿಂತಿದ್ದೆವು.

ಸಹಿ/-
(ಪೂರ್ವಿ ಸೂರ್ಯಕಾಂತ)
ಪ್ರಭಾರ ಯಜಮಾನಿ

ಪ್ರತಿಗಳು:
1. ಶ್ರೀಮತಿ ಗಿರಿಜಾಬಾಯಿ: ಓದಿ ಹೇಳತಕ್ಕದ್ದು. ಮಲಗಿದ್ದರೆ ಎಬ್ಬಿಸತಕ್ಕದ್ದಲ್ಲ.
2. ಶ್ರೀ ಗೋಪಿನಾಥ: ಮುಚ್ಚಿದ ಲಕೋಟೆಯಲ್ಲಿ.
3. ಶ್ರೀಮತಿ ಸುಮತಿ: ತೆರೆದ ಲಕೋಟೆಯಲ್ಲಿ.
4. ಲಿಫ್ಟಿನ ಸೂಚನಾಫಲಕ.