ಅಪ್‌ಡೇಟ್ ನಡುವೆ ಹೆಣ್ಣು ನೋಡಿದ್ದು

ಮನೆ ಕಂಪ್ಯೂಟರಿಗೆ ಅಪ್‌ಡೇಟ್ ಬರುವುದಕ್ಕೆ ವಾರ, ತಿಥಿ, ರಾಹುಕಾಲ ಒಂದೂ ಇಲ್ಲ. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ಬಿ.ಸಿ.ರೋಡಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಅಮ್ಮ ನನಗೆ ಹೆಣ್ಣು ಹುಡುಕುತ್ತಿದ್ದರು. ನಾವು ಹೆಣ್ಣು ನೋಡಲು ಹೊರಟ ದಿನವೇ ಯಾರದಾದರೂ ಮನೆಯ ಅಪ್‌ಡೇಟ್ ಕೈಕೊಡುತ್ತಿತ್ತು. "ಹೀಗಾದ್ರೆ ನಿನಗೆ ಮದುವೆ ಆದ ಹಾಗೆಯೇ" ಎಂದು ಅಮ್ಮ ಬಯ್ಯುತ್ತಿದ್ದರು. ನನಗೂ ಒಳಗೊಳಗೇ ಹೆದರಿಕೆ.

೧. ನೀರುದೋಸೆ

ಮೊದಲ ಸಲ ಹೊಸ ಅಂಗಿ ಹಾಕಿ ಹೆಣ್ಣು ನೋಡಲು ಹೊರಡುವಾಗ ಮೂಡುಬಿದಿರೆಯ ಹೋಟೆಲ್ ಧಣಿಯ ಫೋನು.

"ಮಾರಾಯ್ರೆ, ಅಪ್‌ಡೇಟ್ ಆಗ್ತಾ ಉಂಟು, ಆಫ್ ಮಾಡಬೇಡಿ ಅಂತ ಬರ್ತದೆ. ಈಗ ಕರೆಂಟ್ ಹೋಗುವ ಹೊತ್ತು. ಎಂತ ಮಾಡುವುದು?"

"ಹೋಗದ ಹಾಗೆ ನೋಡಿಕೊಳ್ಳಿ" ಎಂದು ತಮಾಷೆಗೆ ಹೇಳಿದೆ. ಆದರೂ ಮನಸ್ಸು ತಡೆಯಲಿಲ್ಲ, ಹೆಣ್ಣಿನ ಮನೆಗೆ ಹೋಗುವುದು ಬಿಟ್ಟು ಧಣಿಯ ಮನೆಗೆ ಓಡಿದೆ. ನೋಡಿದರೆ, ಹೋಟೆಲಿನ ಜನರೇಟರ್ ಟೆಂಪೋದಲ್ಲಿ ಬಂದು ಧಣಿಯ ಮನೆಯಂಗಳದಲ್ಲಿ ಗುಡುಗುತ್ತಿತ್ತು. ಅಪ್‌ಡೇಟ್ ಸುಸೂತ್ರವಾಗಿ ಮುಗಿದಿತ್ತು. ಅತ್ತ ಹೋಟೆಲಿನಲ್ಲಿ ಕರೆಂಟಿಲ್ಲದೆ ಗ್ರೈಂಡರ್ ನಿಂತುಬಿಟ್ಟಿತ್ತು. ಬಾಗಿಲಿಗೆ ಬೋರ್ಡು ಬೇರೆ: "ಧಣಿಗಳ ಮನೆಯ ಕಂಪ್ಯೂಟರ್ ಅಪ್‌ಡೇಟ್ ಆಗುತ್ತಿರುವುದರಿಂದ ಈ ದಿನ ನೀರುದೋಸೆ ಇರುವುದಿಲ್ಲ."

೨. ಶುಕ್ರವಾರದ ಫೋನು

ಆಗ ಹೆಚ್ಚಿನ ಮನೆಗಳಿಗೆ ಇಂಟರ್ನೆಟ್ ಬರುತ್ತಿದ್ದುದು ಫೋನಿನ ಲೈನಿನಲ್ಲೇ. ಅಪ್‌ಡೇಟ್ ಇಳಿಯುವಷ್ಟು ಹೊತ್ತೂ ಫೋನ್ ಎಂಗೇಜ್.

ಮತ್ತೊಮ್ಮೆ ಹೆಣ್ಣು ನೋಡಲು ಹೊರಟ ಶುಕ್ರವಾರ ದುಬೈಯಿಂದ ಒಬ್ಬ ಗಿರಾಕಿಯ ಕರೆ. ಅವರ ಮನೆ ಮಾಣಿ ಎಂಬ ಊರಿನಲ್ಲಿ. "ವಾರದಲ್ಲಿ ನನಗೆ ಇದೊಂದೇ ರಜೆ ಮಾರಾಯ. ಮನೆಗೆ ಫೋನ್ ಹೋಗುವುದೇ ಇಲ್ಲ. ಒಮ್ಮೆ ಹೋಗಿ ನೋಡು."

ಪಾಪ ಅನಿಸಿತು. ಹೋದೆ. ಅಂದುಕೊಂಡ ಹಾಗೆಯೇ ಅಪ್‌ಡೇಟ್ ಇಳಿಯುತ್ತಿತ್ತು. ನಿಲ್ಲಿಸಲು ಕೈ ಹಾಕಿದ್ದೇ, ಅವರ ಹೆಂಡತಿ ಓಡಿ ಬಂದರು.

"ಅಣ್ಣಾ, ನಿಲ್ಲಿಸಬೇಡಿ! ಅವರು ಅಲ್ಲಿ ಒಬ್ಬರೇ ಅಡುಗೆ ಮಾಡಿಕೊಳ್ಳುವುದಲ್ವಾ, ಫೋನ್ ಮಾಡಿದ್ರೆ ಒಂದು ಗಂಟೆ ನನಗೇ ಮೀನು ಸಾರು ಮಾಡಲಿಕ್ಕೆ ಕಲಿಸ್ತಾರೆ."

ಆಮೇಲೆ ಮೆಲ್ಲಗೆ ಕೇಳಿದರು: "ಇದು ಪ್ರತಿ ಶುಕ್ರವಾರವೂ ಬರುವ ಹಾಗೆ ಮಾಡಲಿಕ್ಕೆ ಆಗ್ತದಾ?"

೩. ಅಳದಂಗಡಿಯ ಸಂಬಂಧ

ಮೂರನೆಯ ಸಲ ಅಮ್ಮ ನನ್ನ ಮೊಬೈಲನ್ನು ಆಫ್ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡೇ ಅಳದಂಗಡಿಗೆ ಕರೆದುಕೊಂಡು ಹೋದರು. ಕುಳಿತು ಬೆಲ್ಲ ನೀರು ಕುಡಿದದ್ದಷ್ಟೆ, ಹುಡುಗಿಯ ತಂದೆ ಮೂಲೆಗೆ ಕೈ ತೋರಿಸಿದರು.

"ಹೇಗೂ ಬಂದಿದ್ದೀರಿ. ಅಪ್‌ಡೇಟ್ ಆದಮೇಲೆ ಇದು ಆನ್ ಆಗ್ತದೆ, ಆಫ್ ಆಗ್ತದೆ, ಪುನಃ ಆನ್ ಆಗ್ತದೆ. ಒಂಚೂರು ನೋಡ್ತೀರಾ?"

ಅಮ್ಮ ಕಣ್ಣಲ್ಲೇ ಬೇಡ ಎಂದರು. ಮಾವನಾಗುವವರ ಮಾತು ಮೀರುವುದು ಹೇಗೆ? ಕುಳಿತೆ. ಕುಳಿತ ಮೇಲೆ ನನಗೆ ಲೋಕವೇ ಮರೆತುಹೋಯಿತು. ಯಾರೋ ಪಕ್ಕದಲ್ಲಿ ಕಾಫಿ ತಂದು ನಿಂತರು. "ಅಲ್ಲೇ ಇಡಿ, ಕೀಬೋರ್ಡಿಗೆ ಚೆಲ್ಲಬೇಡಿ" ಎಂದೆ, ತಿರುಗದೆ. ಹಿಂದಿನಿಂದ ಅಮ್ಮ ಕೆಮ್ಮಿದರು. ಧೂಳಿಗಿರಬೇಕು ಅಂದುಕೊಂಡೆ.

ಕೊನೆಗೆ ಕಂಪ್ಯೂಟರ್ ಸರಿಯಾಯಿತು. ಹೆಮ್ಮೆಯಿಂದ ತಿರುಗಿದರೆ ಅಮ್ಮ ಒಬ್ಬರೇ ಕುಳಿತಿದ್ದರು.

"ಹುಡುಗಿ ಎಲ್ಲಿ?"

"ಬಂದಳು. ಕಾಫಿ ತಂದಳು. ಎಲ್ಲಿ ಇಡಬೇಕಂತ ನೀನೇ ಹೇಳಿದಿ. ಇಟ್ಟು ಹೋದಳು."

 ಈ ಸಂಬಂಧವೂ ಹೋಯಿತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಬಯ್ದುಕೊಂಡೆ.

ಮಾರನೆಯ ದಿನ ಹುಡುಗಿಯ ತಂದೆಯ ಫೋನು.

"ಮಗಳಿಗೆ ಒಪ್ಪಿಗೆ ಉಂಟು. ನಿಮ್ಮ ಬೆನ್ನು ಮಾತ್ರ ನೋಡಿದ್ದಂತೆ. ಅದರಲ್ಲಿ ಏನೂ ದೋಷ ಇಲ್ಲವಂತೆ."

ನನಗೆ ಕುಣಿಯುವಷ್ಟು ಖುಷಿಯಾಯಿತು.

"ಆದ್ರೆ ನೀವೂ ಒಮ್ಮೆ ಬಂದು ಅವಳ ಮುಖ ನೋಡಬೇಕಂತೆ. ಆದಿತ್ಯವಾರ ಬನ್ನಿ. ಕಂಪ್ಯೂಟರನ್ನು ನಾನು ಪಕ್ಕದ ಮನೆಯಲ್ಲಿ ಇಟ್ಟಿರ್ತೇನೆ."